ಬೈದರೆ ತಟ್ಟುತ್ತಾನೆ

ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ನಾನು ದಿನವೂ ಬೈಯುತ್ತಿದ್ದೆ.

ಬೆಳಿಗ್ಗೆ ಪೊರಕೆ ಹಿಡಿದು ನಗರಸಭೆಯ ಗೇಟಿನ ಮುಂದೆ ಬರುತ್ತಿದ್ದೆ. ಅಲ್ಲಿ ರಸ್ತೆಯ ಅಂಚಿಗೆ ಒಂದು ಕಬ್ಬಿಣದ ಮುಚ್ಚಳವಿದೆ. ಅದರ ಕೆಳಗೆ ಮಳೆನೀರಿನ ಮೋರಿ. ಮುಚ್ಚಳದ ಮೇಲೆ ಬಿದ್ದ ಎಲೆ, ಸಿಗರೇಟಿನ ತುಂಡು ಗುಡಿಸುತ್ತಿದ್ದೆ. ಆಮೇಲೆ ಪೊರಕೆಯ ಹಿಡಿಯಿಂದ ಮುಚ್ಚಳಕ್ಕೆ ಎರಡು ಕುಟ್ಟಿ, ಬಗ್ಗಿ, ಬೈಯುತ್ತಿದ್ದೆ.

"ಲೋ ಸೋಮಾರಿ. ಬೆಳಗಾಯ್ತು. ಇನ್ನೂ ಬಿದ್ಕೊಂಡಿದೀಯಾ?"

ಉತ್ತರ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತಿದ್ದೆ. ಗೇಟಿನ ವಾಚ್‌ಮನ್ ಮುಖ ತಿರುಗಿಸುತ್ತಿದ್ದ. ಗಂಡ ಸತ್ತ ಮೇಲೆ ಇವಳಿಗೆ ತಲೆ ಕೆಟ್ಟಿದೆ ಎಂದು ಅವನು ಎಲ್ಲರಿಗೂ ಹೇಳಿದ್ದಾನೆ. ನನ್ನ ತಲೆ ಸರಿಯಾಗಿಯೇ ಇದೆ. ಬೈಯುವುದು ನಮ್ಮ ಕಸುಬಿನ ಪದ್ಧತಿ.

ಮೋರಿಗೆ ಇಳಿದವನನ್ನು ಹೆಸರು ಹಿಡಿದು ಕರೆಯಬಾರದು. ಒಳಗೆ ಕೆಟ್ಟ ಗಾಳಿ ಕುಡಿದು ಮಂಕು ಬಡಿದವನಿಗೆ ಅವನ ಹೆಸರು ಜೋಗುಳದ ಹಾಗೆ ಕೇಳುತ್ತದೆ. ಹೂಂ ಎಂದುಕೊಂಡೇ ನಿದ್ದೆಗೆ ಹೋಗುತ್ತಾನೆ. ಅದಕ್ಕೇ ಬೈಯಬೇಕು. ಬೈದರೆ ಸಿಟ್ಟು ಬರುತ್ತದೆ. ಸಿಟ್ಟು ಬಂದವನು ಎಚ್ಚರವಾಗಿರುತ್ತಾನೆ. ಮೂಗು ಬಾಯಿಗೆ ಬಟ್ಟೆ ಕಟ್ಟಿರುವುದರಿಂದ ಅವನು ತಿರುಗಿ ಬೈಯಲಾರ. ಕೈಯಲ್ಲಿರುವ ಕಬ್ಬಿಣದ ಸಲಾಕೆಯಿಂದ ಗೋಡೆಗೆ ತಟ್ಟುತ್ತಾನೆ. ಟಕ್ ಟಕ್. ಕೇಳಿಸ್ತು, ಮೇಲೆ ಬರ್ತೀನಿ, ಆಮೇಲೆ ನೋಡ್ಕೋತೀನಿ ಎಂದು ಅರ್ಥ. ತಟ್ಟಲಿಲ್ಲವೋ, ಮೇಲಿದ್ದವರು ಮರುಯೋಚನೆ ಮಾಡಬಾರದು. ಹಗ್ಗ ಎಳೆಯಬೇಕು.

ನನ್ನ ಗಂಡ ಇಳಿಯುವವನು. ಅವನ ಹಗ್ಗ ಹಿಡಿಯುತ್ತಿದ್ದವನಿಗೆ ನಾವೆಲ್ಲ ಬಾಯಿಬಡುಕ ಎನ್ನುತ್ತಿದ್ದೆವು. ಎಲುಬಿಗೆ ಚರ್ಮ ಸುತ್ತಿದಂಥ ಆಳು. ಆದರೆ ಬಾಯಿ ತೆರೆದರೆ ನಾಲ್ಕು ಬೀದಿಗೆ ಕೇಳುತ್ತದೆ. ನನ್ನನ್ನು ಅಕ್ಕ ಎಂದು ಕರೆದು, ನನ್ನ ಗಂಡನನ್ನು ಬಾವ ಮಾಡಿಕೊಂಡಿದ್ದ. ಬಾವನನ್ನಾದರೆ ಎಷ್ಟು ಬೇಕಾದರೂ ಬೈಯಬಹುದಲ್ಲ.

"ಲೋ ಬಾವಾ! ನಿನ್ನ ಮೂತಿ ನೋಡಿ ಹೆಗ್ಗಣಗಳೆಲ್ಲ ಊರು ಬಿಟ್ಟು ಹೋಗ್ತಿದಾವಂತೆ ಕಣೋ!"

ಟಕ್ ಟಕ್.

"ನಮ್ಮಕ್ಕನ ಅಡುಗೆ ತಿಂದು ಬದುಕಿರೋನು ನೀನು, ಈ ಗ್ಯಾಸು ನಿನಗೇನೋ ಮಾಡುತ್ತೆ?"

ಟಕ್ ಟಕ್ ಟಕ್.

ನಾನು ರಸ್ತೆಯ ಆ ಕಡೆಯಿಂದ ಪೊರಕೆ ಎತ್ತಿ ತೋರಿಸುತ್ತಿದ್ದೆ. ಮೂಗು ಮುಚ್ಚಿಕೊಂಡು ಹೋಗುವ ಜನ ಹೇಳುತ್ತಿದ್ದರು: "ಹೊಲಸಲ್ಲಿ ಬದುಕೋರ ಬಾಯೂ ಹೊಲಸೇ." ಆ ಹೊಲಸು ಬಾಯಿಯಿಂದಲೇ ಒಬ್ಬನ ಉಸಿರು ಆಡುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಮೂಗಿನ ಮೇಲಿನ ಕೈ ತೆಗೆಯುತ್ತಿರಲಿಲ್ಲ.

ಅಭ್ಯಾಸ ಮನೆಗೂ ಬಂದಿತ್ತು. ನಮ್ಮ ಬಚ್ಚಲಿಗೆ ಗೋಡೆಯಿಲ್ಲ, ತಗಡು. ಕೆಲಸದಿಂದ ಬಂದವನು ತಗಡಿನ ಹಿಂದೆ ನಿಂತು ಚರ್ಮ ಕೆಂಪಾಗುವವರೆಗೆ ಉಜ್ಜಿಕೊಳ್ಳುತ್ತಿದ್ದ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ವಾಸನೆ ಹೋಗುತ್ತಿರಲಿಲ್ಲ. ಅತ್ತೆ ಒಳಗಿನಿಂದ ಕೂಗುತ್ತಿದ್ದರು, "ಲೋ ಎಮ್ಮೆ, ಎಷ್ಟೊತ್ತೋ ನೀರಲ್ಲಿ?" ಅವನು ತಗಡಿಗೆ ತಟ್ಟುತ್ತಿದ್ದ. ಟಕ್ ಟಕ್. ಅತ್ತೆ ತಟ್ಟೆ ಹಾಕುತ್ತಿದ್ದರು. ಇಳಿಯುವ ದಿನ ಅವನು ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಹೊಟ್ಟೆಯಲ್ಲಿ ಅನ್ನವಿದ್ದರೆ ಒಳಗೆ ವಾಂತಿಯಾಗುತ್ತದೆ. ವಾಂತಿಯಾದರೆ ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚಬೇಕಾಗುತ್ತದೆ. ಆದ್ದರಿಂದ ಬೆಳಗಿನ ಊಟವೂ ಸಂಜೆಯ ಊಟವೂ ಒಂದೇ ತಟ್ಟೆಯಲ್ಲಿ. ಅಗಲವಾದ ಸ್ಟೀಲಿನ ತಟ್ಟೆ. ಅವನನ್ನು ಬಿಟ್ಟು ಬೇರೆ ಯಾರೂ ಅದರಲ್ಲಿ ಉಣ್ಣುತ್ತಿರಲಿಲ್ಲ.

ಆಮೇಲೆ ಕಣ್ಣು ಬಂತು.

ಅದಕ್ಕೆ ಸೆನ್ಸರ್ ಎನ್ನುತ್ತಾರೆ. ನಾವು ಕಣ್ಣು ಎಂದೆವು. ಸಾಬೂನಿನ ಡಬ್ಬಿಯಷ್ಟು ದೊಡ್ಡದು. ಕೆಳಗೆ ಎರಡು ದುಂಡನೆಯ ತೂತು, ಒಳಗೆ ಬ್ಯಾಟರಿ. ಮುಚ್ಚಳದ ಕೆಳಗೆ ಒಂದು ಕೈಯಳತೆಯಲ್ಲಿ ಗೋಡೆಗೆ ಪಟ್ಟಿ ಹೊಡೆದು ಕೂರಿಸಿದರು. ಊರಿನ ಮೋರಿಗಳಿಗೆಲ್ಲ ಹಾಕಿದರು. ತುಂಬಾ ಅಗ್ಗ, ಒಂದು ಜೊತೆ ಬೂಟಿನ ಬೆಲೆಗೆ ಒಂದು ಕಣ್ಣು ಬರುತ್ತದೆ ಎಂದು ನಗರಸಭೆಯ ಮೇಡಂ ಹೆಮ್ಮೆಯಿಂದ ಹೇಳಿದರು. ನನ್ನ ಗಂಡ ತನ್ನ ಕಾಲು ನೋಡಿಕೊಂಡ. ಅವನಿಗೆ ಯಾರೂ ಬೂಟು ಕೊಟ್ಟಿರಲಿಲ್ಲ.

ಕಣ್ಣು ಮಾಡಿದ ಇಂಜಿನಿಯರ್ ಒಳ್ಳೆಯ ಮನುಷ್ಯ. ಚಿಕ್ಕ ವಯಸ್ಸು, ಕನ್ನಡಕ, ನಗುಮುಖ. ನಮ್ಮನ್ನೆಲ್ಲ ಕರೆದು ವಿವರಿಸಿದ.

"ಇದು ಒಂದು ಸದ್ದು ಬಿಡುತ್ತೆ. ನಮ್ಮ ಕಿವಿಗೆ ಕೇಳಲ್ಲ. ಆ ಸದ್ದು ಕೆಳಗಿನ ನೀರಿಗೆ ಬಡಿದು ವಾಪಸ್ ಬರುತ್ತೆ. ಬೇಗ ಬಂದ್ರೆ ನೀರು ಮೇಲಿದೆ ಅಂತ. ತಡವಾಗಿ ಬಂದ್ರೆ ಕೆಳಗಿದೆ ಅಂತ. ಮೊಬೈಲಲ್ಲಿ ಕೆಂಪು, ಹಳದಿ, ಹಸಿರು ಕಾಣುತ್ತೆ."

"ಅಂದ್ರೆ ಇದೂ ಬೈಯುತ್ತೆ ಅನ್ನಿ," ಎಂದ ಬಾಯಿಬಡುಕ. "ಕೆಳಗಿರೋದು ತಟ್ಟುತ್ತೆ."

ಎಲ್ಲರೂ ನಕ್ಕೆವು. ಇಂಜಿನಿಯರ್ ಸಹ ನಕ್ಕ. "ಹೆಚ್ಚುಕಮ್ಮಿ ಹಾಗೇ."

"ಹಗಲೂ ರಾತ್ರಿ ಬೈತಾ ಇರುತ್ತಾ ಸಾರ್?"

"ಇಲ್ಲ. ಬ್ಯಾಟರಿ ಉಳಿಬೇಕಲ್ಲ. ಆಗಾಗ ಎದ್ದು ನೋಡಿ ಮತ್ತೆ ಮಲಗುತ್ತೆ."

"ಒಳ್ಳೇ ಕಾವಲುಗಾರ! ನಮ್ಮ ವಾಚ್‌ಮನ್ ತಮ್ಮನೇ ಇರಬೇಕು."

ಮತ್ತೆ ನಗು. ನನ್ನ ಗಂಡ ನಗಲಿಲ್ಲ. ಒಂದು ಮಾತು ಕೇಳಿದ. "ಗಾಳಿ ಕೆಟ್ಟಿದ್ರೆ ಹೇಳುತ್ತಾ ಸಾರ್?"

"ಇಲ್ಲ. ಇದು ನೀರು ಮಾತ್ರ ನೋಡುತ್ತೆ. ಗಾಳಿ ನೋಡೋ ಸೆನ್ಸರ್ ದುಬಾರಿ. ಹಾಕಿಲ್ಲ."

ಇದನ್ನು ಅವನು ಎಲ್ಲರೆದುರು ಹೇಳಿದ. ಮೇಡಂ ಪಕ್ಕದಲ್ಲೇ ನಿಂತಿದ್ದರು. ನಮಗೆ ಕೆಲಸ ಹಂಚುವ ಮೇಸ್ತ್ರಿಯೂ ನಿಂತಿದ್ದ. ನಾನು ನೋಡಿದ್ದೇನೆ.

ಆವತ್ತೇ ಮೇಡಂ ಘೋಷಣೆ ಮಾಡಿದರು. ಇನ್ನು ಈ ಊರಲ್ಲಿ ಯಾವ ಮನುಷ್ಯನೂ ಮೋರಿಗೆ ಇಳಿಯುವುದಿಲ್ಲ. ನಾವು ಚಪ್ಪಾಳೆ ತಟ್ಟಿದೆವು. ನನ್ನ ಅಂಗೈ ಉರಿಯುವಷ್ಟು ತಟ್ಟಿದೆ.

ಯಾರೂ ಇಳಿಯುವುದಿಲ್ಲವಾದ್ದರಿಂದ ಹಗ್ಗ ಹಿಡಿಯುವವನು ಬೇಕಾಗಲಿಲ್ಲ. ಬಾಯಿಬಡುಕನ ಕೈಗೆ ಪೊರಕೆ ಕೊಟ್ಟು ಬೇರೆ ಬೀದಿಗೆ ಹಾಕಿದರು. ಹಗ್ಗವನ್ನು ಸ್ಟೋರಿಗೆ ಒಪ್ಪಿಸಿಕೊಂಡರು.

ಮೋರಿಯೊಳಗೆ ಕಣ್ಣು ಎಷ್ಟು ದಿನ ಚೊಕ್ಕಟವಾಗಿರುತ್ತದೆ? ಜೇಡ ಬಲೆ ಕಟ್ಟಿತು. ಜಿರಲೆ ಮನೆ ಮಾಡಿತು. ಹಬೆ ಕೂತಿತು. ಕೆಳಗೆ ಹೂಳು ಗುಡ್ಡೆಯಾದರೆ ಅದನ್ನೇ ನೀರು ಎಂದು ಎಣಿಸಿ ಹಳದಿ ತೋರಿಸಿತು. ಅದನ್ನು ಒರೆಸಬೇಕು, ಹೂಳು ಎತ್ತಬೇಕು. ಯಾರು?

"ನೀನೇ ಕಣೋ," ಎಂದ ಮೇಸ್ತ್ರಿ ನನ್ನ ಗಂಡನಿಗೆ.

"ಇಳಿಯಂಗಿಲ್ಲ ಅಂದ್ರಲ್ಲ."

"ಇಳಿಯೋದಲ್ಲ ಇದು. ಒರೆಸೋದು."

ಹೀಗೆ ಒಂದು ಪದ ಬದಲಾಯಿತು. ಮೋರಿ ಅದೇ. ಮೆಟ್ಟಿಲ ಸರಳು ಅದೇ. ಸೊಂಟಕ್ಕೆ ಕಟ್ಟಿದ ಬುಟ್ಟಿ ಅದೇ. ಇಳಿಯುವುದಕ್ಕೆ ಹಗ್ಗ ಬೇಕು, ಬೈಯುವವನು ಬೇಕು. ಒರೆಸುವುದಕ್ಕೆ ಏನೂ ಬೇಡ.

ಆ ದಿನ ಬೆಳಿಗ್ಗೆ ನಗರಸಭೆಯ ಮುಂದಿನ ಕಣ್ಣು ಹಳದಿಯಾಗಿತ್ತು. ಮೇಡಂ ಕಿಟಕಿಯ ಕೆಳಗಿನ ಕಣ್ಣು ಅದು. ಬಂದವರಿಗೆಲ್ಲ ತೋರಿಸುವ ಕಣ್ಣು. ಮೇಸ್ತ್ರಿ ಮೊಬೈಲಿನಲ್ಲಿ ಮೇಡಂ ಜೊತೆ ಮಾತಾಡಿದ. ನನ್ನ ಗಂಡನನ್ನು ಕರೆದ. ಅವನು ಬಟ್ಟೆ ಕಟ್ಟಿಕೊಂಡ. ಬುಟ್ಟಿ ಕಟ್ಟಿಕೊಂಡ. ಸಲಾಕೆ ತೆಗೆದುಕೊಂಡ. ನನ್ನ ಕಡೆ ಒಮ್ಮೆ ನೋಡಿದ. ನಾನು ರಸ್ತೆಯ ಇನ್ನೊಂದು ತುದಿಯಲ್ಲಿ ಗುಡಿಸುತ್ತಿದ್ದೆ. ಇಳಿದ.

ಹೂಳು ಕೆದಕಿದರೆ ಅದರೊಳಗಿನ ಗಾಳಿ ಏಳುತ್ತದೆ. ಹೆಸರಿಗೆ ಅದು ಮಳೆನೀರಿನ ಮೋರಿ. ಎಷ್ಟು ಮನೆಗಳ ಕಕ್ಕಸಿನ ಪೈಪು ಕಳ್ಳತನದಲ್ಲಿ ಅದಕ್ಕೆ ಸೇರಿದೆ ಎಂದು ಊರಿಗೆಲ್ಲ ಗೊತ್ತು. ನನ್ನ ಗಂಡ ಹೂಳನ್ನೆಲ್ಲ ಬದಿಗೆ ಎಳೆದ. ಕಣ್ಣಿನ ಕೆಳಗೆ ಜಾಗ ಖಾಲಿ ಮಾಡಿದ. ಆಮೇಲೆ ಪಕ್ಕದ ಕೊಳವೆಯ ಬಾಯಿಗೆ ಕುಸಿದ.

ಕಣ್ಣು ಎದ್ದು ನೋಡಿತು. ಕೆಳಗೆ ಏನೂ ಇಲ್ಲ. ಹಸಿರು ತೋರಿಸಿತು.

ನಾನು ಬಂದಾಗ ಮೇಸ್ತ್ರಿ ಮುಚ್ಚಳದ ಪಕ್ಕ ನಿಂತು ಮೊಬೈಲು ನೋಡುತ್ತಾ ಖುಷಿಯಾಗಿದ್ದ. ಮೇಡಂಗೆ ಹಸಿರಿನ ಚಿತ್ರ ಕಳಿಸಿಯಾಗಿತ್ತು.

"ಅವನೆಲ್ಲಿ?"

"ಒರೆಸ್ತಿದಾನೆ. ನೋಡಮ್ಮ, ಹಸಿರು. ಆರಾಮಾಗಿದಾನೆ."

ನಾನು ಬಗ್ಗಿ ಬೈದೆ. ನನಗೆ ಗೊತ್ತಿದ್ದ ಬೈಗುಳವೆಲ್ಲ ಬೈದೆ. ಅವನ ಅಪ್ಪನನ್ನು ಬೈದೆ, ಅಜ್ಜನನ್ನು ಬೈದೆ. ನೀರಿನ ಸದ್ದು ಮಾತ್ರ ಕೇಳಿತು. ಮೇಸ್ತ್ರಿ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಹಸಿರು ಇದೆಯಲ್ಲ, ಹಸಿರು ಇದೆಯಲ್ಲ ಎನ್ನುತ್ತಲೇ ಇದ್ದ.

ಬಾಯಿಬಡುಕ ಓಡಿ ಬಂದ. ಪಕ್ಕದಲ್ಲಿ ನಿಂತಿದ್ದ ಸಾಮಾನಿನ ಗಾಡಿಯ ಹಗ್ಗ ಬಿಚ್ಚಿಕೊಂಡ. ಹುಟ್ಟಿದಾಗಿನಿಂದ ಇಳಿಯದವನು ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಹಗ್ಗ ನನ್ನ ಕೈಯಲ್ಲಿ. ಗಂಡ ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲ, ನಾನು ಬಾಯಿಬಡುಕನನ್ನು ಬೈಯಬೇಕು. ಬೈದೆ. ಅಳುತ್ತಾ ಬೈದೆ. ಅವನು ತಟ್ಟಿದ. ಮತ್ತೆ ಬೈದೆ. ಮತ್ತೆ ತಟ್ಟಿದ. ಹಗ್ಗ ಅಂಗೈ ಕೊಯ್ದಿತು. ನನ್ನ ಗಂಡ ಮೇಲೆ ಬಂದಾಗ ಮೂಗಿನಲ್ಲಿ ಹೂಳಿತ್ತು. ಅವನ ಕಣ್ಣು ತೆರೆದಿತ್ತು.

ಮಧ್ಯಾಹ್ನದ ಹೊತ್ತಿಗೆ ಮೇಡಂ ಹೇಳಿಕೆ ಕೊಟ್ಟರು. ಈ ಊರಲ್ಲಿ ಯಾರೂ ಮೋರಿಗೆ ಇಳಿಯುವುದಿಲ್ಲ. ಮಳೆನೀರಿನ ಮೋರಿಯಲ್ಲಿ ವಿಷದ ಗಾಳಿ ಇರುವುದಿಲ್ಲ. ರಸ್ತೆ ಗುಡಿಸುತ್ತಿದ್ದ ಕಾರ್ಮಿಕ ಕಾಲು ಜಾರಿ ಬಿದ್ದಿದ್ದಾನೆ.

ನಾನು ಅವರ ಕೋಣೆಗೆ ಹೋದೆ. "ರಸ್ತೆ ಗುಡಿಸೋನು ಮೂಗಿಗೆ ಬಟ್ಟೆ ಕಟ್ಕೊಂಡು, ಸೊಂಟಕ್ಕೆ ಬುಟ್ಟಿ ಕಟ್ಕೊಂಡು ಗುಡಿಸ್ತಾನಾ ಮೇಡಂ?"

ಅವರು ಫ್ಯಾನಿನ ವೇಗ ಹೆಚ್ಚಿಸಿದರು. ನನ್ನ ಬಟ್ಟೆಯಿಂದ ವಾಸನೆ ಬರುತ್ತಿತ್ತು. ಗಂಡನನ್ನು ತಬ್ಬಿಕೊಂಡಿದ್ದ ಬಟ್ಟೆ.

"ಇಳಿಸಿದ್ದು ನಾವು ಅಂತ ಒಂದು ಮಾತು ಹೇಳಿ," ಎಂದೆ. "ಒಂದೇ ಮಾತು. ಇಲ್ಲಾಂದ್ರೆ ನಾಳೆ ಇನ್ನೊಬ್ಬನ್ನ ಒರೆಸೋಕೆ ಕಳಿಸ್ತೀರ. ಅವನೂ ಜಾರಿ ಬೀಳ್ತಾನೆ."

"ಸಮಾಧಾನ ಮಾಡ್ಕೊಳಮ್ಮ," ಎಂದರು. ವಾಚ್‌ಮನ್ ನನ್ನನ್ನು ಹೊರಗೆ ಕರೆದುಕೊಂಡು ಬಂದ. ತೋಳು ಮುಟ್ಟಲಿಲ್ಲ. ಲಾಠಿಯ ತುದಿಯಿಂದ ದಾರಿ ತೋರಿಸಿದ.

ಸತ್ತ ಮೇಲೂ ನನ್ನ ಗಂಡ ಮನೆ ಬಿಟ್ಟು ಹೋಗಲಿಲ್ಲ. ಸಂಜೆಯಾದರೆ ಬಚ್ಚಲಿನ ತಗಡು ಸದ್ದು ಮಾಡುತ್ತಿತ್ತು. ಟಕ್. ಗಾಳಿ ಇರಬೇಕು. ಗಾಳಿ ಇಲ್ಲದ ದಿನವೂ ಟಕ್. ಅತ್ತೆ ಕಿವಿ ನಿಮಿರಿಸಿ ಎದ್ದು ತಟ್ಟೆ ಇಡುತ್ತಿದ್ದರು. ಬಡಿಸುತ್ತಿದ್ದರು. ಬೆಳಿಗ್ಗೆ ಇರುವೆ ಮುತ್ತಿದ ಅನ್ನವನ್ನು ನಾನು ಚೆಲ್ಲುತ್ತಿದ್ದೆ. ಒಮ್ಮೆ ತಟ್ಟೆಯನ್ನು ಮೇಲಿಡೋಣವೇ ಅತ್ತೆ ಎಂದೆ. "ಹಸ್ಕೊಂಡು ಹೋದೋನು ಕಣೆ," ಎಂದರು. "ಉಂಡು ಹೋದೋರು ಬರಲ್ಲ. ಹಸ್ಕೊಂಡು ಹೋದೋರು ಬರ್ತಾರೆ." ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ ಅವನ ಕಿತ್ತಳೆ ಬಣ್ಣದ ಕೆಲಸದ ಕೋಟನ್ನು ಒಗೆಯಲೂ ಬಿಡಲಿಲ್ಲ. ಅದು ಮೊಳೆಗೆ ನೇತಾಡುತ್ತಿತ್ತು. ಒಣಗಿದ ಹೂಳು ಉದುರಿ ಕೆಳಗೆ ನೆಲದ ಮೇಲೆ ಎರಡು ಪಾದದಷ್ಟು ಜಾಗ ಕಪ್ಪಾಗಿತ್ತು.

ಕೆಲವು ತಿಂಗಳ ಮೇಲೆ ಮೇಡಂ ನಮ್ಮ ಮನೆಗೇ ಬಂದರು. ಜೊತೆಗೆ ಮೇಸ್ತ್ರಿ. ಅತ್ತೆ ಸ್ಟೂಲು ಒರೆಸಿ ಹಾಕಿದರು. ಮೇಡಂ ಕೂರಲಿಲ್ಲ. ನೀರು ಬೇಡ ಎಂದರು. ಬಾಗಿಲಲ್ಲೇ ನಿಂತು ಹೇಳಿದರು.

ದೊಡ್ಡ ಅತಿಥಿಗಳು ಬರುತ್ತಿದ್ದಾರೆ. ಬೇರೆ ಊರುಗಳಿಗೂ ಈ ಕಣ್ಣು ಹಾಕಬೇಕೋ ಬೇಡವೋ ಎಂದು ನೋಡಲು. ನಗರಸಭೆಯ ಹಾಲ್‌ನಲ್ಲಿ ಸಭೆ. ಅಲ್ಲಿ ನಾನು ಮಾತಾಡಬೇಕು.

"ಎರಡೇ ಮಾತು. ಮುಂಚೆ ನಮ್ಮ ಗಂಡಸರು ಒಳಗೆ ಇಳೀತಿದ್ರು. ಈಗ ಯಾರೂ ಇಳಿಯಲ್ಲ, ನಾವು ನಿಶ್ಚಿಂತೆಯಾಗಿದೀವಿ. ಅಷ್ಟೇ."

"ನನ್ನ ಗಂಡ ಯಾವಾಗ ಸತ್ತ ಅಂತ ಹೇಳ್ಲಿ?"

"ಮುಂಚೆ ಅಂತ ಹೇಳಿ."

"ಆಗ ಕಣ್ಣಿತ್ತಲ್ಲ ಮೇಡಂ. ಹಸಿರಾಗಿತ್ತು."

ಮೇಸ್ತ್ರಿ ನಡುವೆ ಬಂದ. "ಸುಮ್ನೆ ಹೂಂ ಅನ್ನಮ್ಮ. ನಿನ್ನ ಕೆಲಸ, ಆ ಬಾಯಿಬಡುಕನ ಕೆಲಸ, ಎಲ್ಲಾ ಮೇಡಂ ಕೈಲಿದೆ. ಹೊಟ್ಟೆ ಮೇಲೆ ಬರೆ ಎಳ್ಕೋಬೇಡ."

ಆಗ ಹಿಂದಿನಿಂದ ಟಕ್ ಎಂದಿತು. ಮೇಡಂ ಬೆಚ್ಚಿದರು. "ಯಾರದು?"

"ನನ್ನ ಮಗ," ಎಂದರು ಅತ್ತೆ. "ಸ್ನಾನ ಮಾಡ್ತಿದಾನೆ. ಕೂತ್ಕೊಳಿ ತಾಯಿ, ಬರ್ತಾನೆ."

ಮೇಡಂ ಹೊಸ್ತಿಲಿಂದ ಹಿಂದೆ ಸರಿದರು. ಮೇಸ್ತ್ರಿ ಚಪ್ಪಲಿ ಹುಡುಕಲು ಬಗ್ಗಿದವನು ಮೇಲೇಳಲೇ ಇಲ್ಲ. ಸಿಟ್ಟು ಇಷ್ಟು ತಣ್ಣಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಬರ್ತೀನಿ ಮೇಡಂ," ಎಂದೆ. "ಸಭೆಗೆ ಬರ್ತೀನಿ."

ಸಭೆಯ ಹಿಂದಿನ ಸಂಜೆ ನಾನು ಮೊಳೆಯಿಂದ ಕೋಟು ತೆಗೆದೆ. ಭುಜಕ್ಕೆ ಅಡ್ಡವಾಗಿ ಒಂದು ಕೋಲು ತೂರಿಸಿ ಹಗ್ಗ ಕಟ್ಟಿದೆ. ಅತ್ತೆ ನೋಡುತ್ತಾ ಕೂತಿದ್ದರು. ಕಣ್ಣು ನೀರನ್ನು ನೋಡುತ್ತೆ ಅತ್ತೆ, ಮನುಷ್ಯನ್ನ ನೋಡಲ್ಲ, ಇದನ್ನಾದರೂ ನೋಡುತ್ತಾ ನೋಡೋಣ, ಸಭೆಗೆ ಮುಂಚೆ ಒರೆಸೋಕೆ ಮುಚ್ಚಳ ತೆಗೆದೇ ತೆಗೀತಾರೆ ಎಂದೆ. ಬಟ್ಟೆಗೆ ಬಡಿದ ಸದ್ದು ತಿರುಗಿ ಹೋಗುವುದಿಲ್ಲವೇನೋ ಎಂದು ನನಗೆ ಅನುಮಾನ. ಗಟ್ಟಿಯಾದದ್ದು, ಅಗಲವಾದದ್ದು ಏನಾದರೂ ಬೇಕಿತ್ತು. ಸುತ್ತ ಹುಡುಕಿದೆ.

ಅತ್ತೆ ಎದ್ದು ಒಳಗೆ ಹೋದರು. ಅವನ ತಟ್ಟೆ ತಂದು ನನ್ನ ಮಡಿಲಿಗಿಟ್ಟರು.

"ಇದನ್ನ ಕಟ್ಟು," ಎಂದರು. "ಅವನ ಹತ್ರಾನೇ ಇರ್ಲಿ."

ಸಭೆಯ ದಿನ ಬೆಳಿಗ್ಗೆ ಗೇಟಿನ ಮುಂದಿನ ಕಣ್ಣು ಮತ್ತೆ ಬಲೆ ಕಟ್ಟಿ ಕುರುಡಾಗಿತ್ತು. ಅದು ಕಾಣದಿದ್ದಾಗ ಮೊಬೈಲಿನಲ್ಲಿ ಬೂದು ಬಣ್ಣ ಬರುತ್ತದೆ. ಮೇಸ್ತ್ರಿ ಬೆವರುತ್ತಿದ್ದ. ನಮ್ಮನ್ನೆಲ್ಲ ಆ ರಸ್ತೆಗೆ ಗುಡಿಸಲು ಹಾಕಿದ್ದರು. ಅವನು ನೇರವಾಗಿ ಬಾಯಿಬಡುಕನ ಹತ್ತಿರ ಬಂದ.

"ಇಳಿ. ಒರೆಸಿ ಬಾ."

"ಇಳಿಯಲ್ಲ."

"ಇಳಿಯೋದಲ್ಲವೋ. ಒರೆಸೋದು."

"ಅಷ್ಟು ಸಸಾರ ಆದ್ರೆ ನೀನೇ ಒರೆಸು. ನಾನು ಮೇಲಿಂದ ಬೈತೀನಿ. ಪುಕ್ಕಟೆ."

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ಬರಲ್ಲ ಹೋಗು."

ಬಾಯಿಬಡುಕ ಪೊರಕೆಯನ್ನು ರಸ್ತೆಗೆ ಹಾಕಿದ. ಪಕ್ಕದವಳೂ ಹಾಕಿದಳು. ಅವಳ ಪಕ್ಕದವನೂ ಹಾಕಿದ. ರಸ್ತೆಯುದ್ದಕ್ಕೂ ಪೊರಕೆಗಳು ಬಿದ್ದವು. ಯಾರೂ ಕೂಗಲಿಲ್ಲ. ಅಷ್ಟು ಜನ ಕೈಕಟ್ಟಿ ಸುಮ್ಮನೆ ನಿಂತದ್ದನ್ನು ಮೇಸ್ತ್ರಿ ಅಲ್ಲಿಯವರೆಗೆ ಕಂಡಿರಲಿಲ್ಲ.

"ನಾನು ಒರೆಸ್ತೀನಿ," ಎಂದೆ. "ಬಲೆ ಅಷ್ಟೇ ಅಲ್ವಾ? ಮೇಲಿಂದಾನೇ ಕೈ ಎಟಕುತ್ತೆ. ಮುಚ್ಚಳ ತೆಗೆಸು."

ಬಾಯಿಬಡುಕ ಕೋಟು, ತಟ್ಟೆ ತುಂಬಿದ್ದ ನನ್ನ ಕಂಕುಳಿನ ಚೀಲ ನೋಡಿದ. ಹಾರೆ ಹಾಕಿ ಮುಚ್ಚಳ ಎಬ್ಬಿಸಿದ. ಆಮೇಲೆ ಮೇಸ್ತ್ರಿಗೆ ಬೆನ್ನು ಮಾಡಿ ನನ್ನ ಮುಂದೆ ಅಡ್ಡ ನಿಂತ.

ನಾನು ಟಾರಿನ ಮೇಲೆ ಬೋರಲು ಮಲಗಿದೆ. ವಾಸನೆ ಮುಖಕ್ಕೆ ಹೊಡೆಯಿತು. ನನ್ನ ಹಾಸಿಗೆಯಲ್ಲಿದ್ದ ವಾಸನೆ. ಮದುವೆಯಾದ ಹೊಸತರಲ್ಲಿ ಮೂಗು ಮುಚ್ಚಿ ಅತ್ತಿದ್ದ ವಾಸನೆ. ಈಗ ಅದನ್ನು ಎದೆ ತುಂಬ ಎಳೆದುಕೊಂಡೆ. ಕೆಳಗೆ ಹೂಳಿನಲ್ಲಿ ಅವನ ಸಲಾಕೆ ನೆಟ್ಟಗೆ ನಿಂತಿತ್ತು. ಅದನ್ನು ಯಾರೂ ಎತ್ತಿಲ್ಲ.

ಕಣ್ಣನ್ನು ಒರೆಸಿದೆ. ಚೆನ್ನಾಗಿ ಒರೆಸಿದೆ. ಚೆನ್ನಾಗಿ ಕಾಣಲಿ ಎಂದು. ಕೋಟಿನ ಹಗ್ಗವನ್ನು ಮೊದಲ ಸರಳಿಗೆ ಬಿಗಿದೆ. ಕೊರಳಿನ ಜಾಗದಲ್ಲಿ ತಟ್ಟೆ, ಆಕಾಶಕ್ಕೆ ಮುಖ ಮಾಡಿ, ಸರಿಯಾಗಿ ಕಣ್ಣಿನ ಕೆಳಗೆ. ಅಲುಗಾಡಬಾರದೆಂದು, ಗೋಡೆಗೆ ತಾಗಬಾರದೆಂದು ಎರಡು ಕಡೆಯಿಂದ ದಾರ ಎಳೆದು ಕಟ್ಟಿದೆ.

"ಆಯ್ತೇನಮ್ಮ?" ಮೇಸ್ತ್ರಿಯ ದನಿ.

"ಆಯ್ತು. ಇನ್ಮೇಲೆ ಎಲ್ಲಾ ಕಾಣುತ್ತೆ."

ಬಾಯಿಬಡುಕ ಮುಚ್ಚಳ ಮುಚ್ಚಿದ. ಮೇಸ್ತ್ರಿ ಮೊಬೈಲು ನೋಡಿದ. ಇನ್ನೂ ಬೂದು. ಕಣ್ಣು ಮಲಗಿತ್ತು. "ಎದ್ದಾಗ ಸರಿಹೋಗುತ್ತೆ," ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಓಡಿದ.

ಸಭೆಯ ಹಾಲ್ ಒಳಗೆ ತಣ್ಣಗಿತ್ತು. ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ನಾವು ಹಿಂದೆ ಗೋಡೆಗೆ ಒರಗಿ ನಿಂತೆವು. ಗೋಡೆಯಷ್ಟು ದೊಡ್ಡ ಪರದೆಯಲ್ಲಿ ಊರಿನ ನಕ್ಷೆ. ಬೀದಿ ಬೀದಿಗೆ ಹಸಿರು ಚುಕ್ಕೆ, ಗೇಟಿನ ಮುಂದಿನದು ಮಾತ್ರ ಬೂದು. ಇಂಜಿನಿಯರ್ ಕಂಪ್ಯೂಟರಿನ ಮುಂದೆ ಕೂತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ. ಮೇಡಂ ತುಂಬ ಹೊತ್ತು ಮಾತಾಡಿದರು.

"ಈ ಸೆನ್ಸರ್ ಬಂದ ಮೇಲೆ ನಮ್ಮ ಊರಿನ ಮೋರಿಗೆ ಒಬ್ಬೇ ಒಬ್ಬ ಮನುಷ್ಯನೂ ಇಳಿದಿಲ್ಲ. ಇದನ್ನ ನಾನು ಹೇಳಿದ್ರೆ ಆಗಲ್ಲ. ನಮ್ಮ ಕಾರ್ಮಿಕರೇ ಹೇಳಬೇಕು."

ನನ್ನನ್ನು ವೇದಿಕೆಗೆ ಕರೆದರು. ಮೈಕು ಕೊಟ್ಟರು. ಪರದೆಯ ಮೇಲಿನ ಬೂದು ಚುಕ್ಕೆಯನ್ನೇ ನೋಡುತ್ತಾ ನಿಂತೆ. ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಮೇಡಂ ನಗುತ್ತಲೇ ಹಲ್ಲಿನ ಸಂದಿಯಿಂದ ಹೇಳಿದರು, "ಹೇಳಮ್ಮ."

ಚುಕ್ಕೆ ಒಮ್ಮೆ ಮಿನುಗಿತು. ಕೆಂಪಾಯಿತು.

ಕಂಪ್ಯೂಟರಿನಿಂದ ಎಚ್ಚರಿಕೆಯ ಗಂಟೆ ಹೊಡೆಯತೊಡಗಿತು. ಕಲ್ಲೇಟು ಬಿದ್ದ ನಾಯಿ ಅರಚಿದಂಥ ಸದ್ದು. ಇಂಜಿನಿಯರ್ ಎದ್ದು ನಿಂತ. "ನೀರು ಮುಚ್ಚಳದವರೆಗೆ ಬಂದಿದೆ ಅಂತ ತೋರಿಸ್ತಿದೆ."

"ಹೊರಗೆ ಬಿಸಿಲಿದೆಯಲ್ರೀ," ಎಂದರು ಮುಂದಿನ ಸಾಲಿನ ದೊಡ್ಡ ಅತಿಥಿ. "ಯಾವ ಜಾಗ?"

"ಇಲ್ಲೇ ಸಾರ್. ಗೇಟಿನ ಮುಂದೆ."

ಆಗ ನಾನು ಮೈಕಿನಲ್ಲಿ ಹೇಳಿದೆ. "ನೀರಲ್ಲ ಅದು. ನನ್ನ ಗಂಡ ಎದ್ದು ನಿಂತಿದಾನೆ."

ಎಲ್ಲರೂ ಹೊರಗೆ ಬಂದರು. ನಾನು ಮುಂದೆ, ಅವರು ಹಿಂದೆ. ರಸ್ತೆಯಲ್ಲಿ ಪೊರಕೆಗಳು ಬಿದ್ದೇ ಇದ್ದವು. ದಾಟಿಕೊಂಡು ಬಂದರು. ಮುಚ್ಚಳದ ಸುತ್ತ ಇಸ್ತ್ರಿ ಮಾಡಿದ ಬಟ್ಟೆಗಳು, ಹೊಳೆಯುವ ಬೂಟುಗಳು. ನನಗೆ ಆ ಬೂಟುಗಳು ಮಾತ್ರ ಕಾಣುತ್ತಿದ್ದವು.

"ತೆಗೀರಿ ಅದನ್ನ," ಎಂದರು ಮೇಡಂ.

ನಮ್ಮವರು ಯಾರೂ ಅಲುಗಲಿಲ್ಲ. "ಕಣ್ಣಿದೆಯಲ್ಲ ಮೇಡಂ," ಎಂದ ಬಾಯಿಬಡುಕ. "ಮನುಷ್ಯರು ಯಾಕೆ?"

ನಾನು ಪೊರಕೆಯ ಹಿಡಿಯಿಂದ ಮುಚ್ಚಳಕ್ಕೆ ಎರಡು ಕುಟ್ಟಿದೆ. ಬಗ್ಗಿದೆ.

"ಲೋ ಸೋಮಾರಿ. ದೊಡ್ಡೋರೆಲ್ಲ ನಿನ್ನ ನೋಡೋಕೆ ಬಂದಿದಾರೆ. ಜಾರಿ ಬಿದ್ದೆಯಂತಲ್ಲೋ, ಕುರುಡು ನನ್ಮಗನೆ. ಹೌದಾ? ಜಾರಿ ಬಿದ್ದೆಯಾ?"

ಟಕ್ ಟಕ್.

ನನಗೆ ಮಾತ್ರ ಕೇಳಿಸಿದ್ದಲ್ಲ. ಒಂದು ಹೊಳೆಯುವ ಬೂಟು ಹಿಂದಕ್ಕೆ ಸರಿಯಿತು. ವಾಚ್‌ಮನ್ ಲಾಠಿ ಕೆಳಗೆ ಬಿತ್ತು. ಮೇಸ್ತ್ರಿಗೆ ಆ ಸದ್ದು ಗೊತ್ತು. ವರ್ಷಗಟ್ಟಲೆ ಕೇಳಿದ ಸದ್ದು. ಅವನು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡ.

"ನಾನಲ್ಲ!" ಎಂದು ಕಿರುಚಿದ. "ನಾನು ಬೇಡ ಅಂದೆ ಮೇಡಂ! ಹಗ್ಗ ಇಲ್ಲ, ಆಳಿಲ್ಲ ಅಂದೆ! ಹಸಿರು ಬರ್ಲೇಬೇಕು, ಇಳಿಸು ಅಂತ ನೀವೇ ಅಂದ್ರಿ! ಫೋನಲ್ಲಿ ನೀವೇ ಅಂದ್ರಿ!"

ಅತಿಥಿಗಳು ಮೇಡಂ ಕಡೆ ತಿರುಗಿದರು. ಮೇಡಂ ಕೋಣೆಯಲ್ಲಿ ನಾನು ಕೇಳಿದ್ದ ಆ ಒಂದು ಮಾತು, ಬಿಸಿಲಿನಲ್ಲಿ ಎಲ್ಲರೆದುರು ಬಿತ್ತು.

ಬಾಯಿಬಡುಕ ಹಾರೆ ಹಾಕಿ ಮುಚ್ಚಳ ತೆಗೆದ.

ಎಲ್ಲರೂ ಬಗ್ಗಿದರು. ಕಿತ್ತಳೆ ಕೋಟು ನಿಂತಿತ್ತು. ತೋಳುಗಳು ಎರಡೂ ಬದಿಗೆ ಇಳಿಬಿದ್ದಿದ್ದವು. ಮುಖದ ಜಾಗದಲ್ಲಿ ತಟ್ಟೆ. ತಟ್ಟೆಯಲ್ಲಿ ಬಗ್ಗಿದವರ ಮುಖಗಳು. ನಡುವೆ ಮೇಡಂ ಮುಖ. ತಟ್ಟೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ದಾರ ನಾನು ಕಟ್ಟಿದ ಹಾಗೇ ಬಿಗಿಯಾಗಿತ್ತು. ಅದು ಗೋಡೆಗೆ ತಾಗುವುದು ಸಾಧ್ಯವಿರಲಿಲ್ಲ. ಕೆಳಗೆ, ಕತ್ತಲಲ್ಲಿ, ಅವನ ಸಲಾಕೆ ನಿಂತಿದ್ದ ಜಾಗವನ್ನು ಹುಡುಕಿದೆ. ಸಲಾಕೆ ಇರಲಿಲ್ಲ, ಹೂಳು ಮಾತ್ರ ಕಂಡಿತು.

"ಗಾಳಿ ನೋಡಲ್ಲ ಅಂತ ಹೇಳಿದ್ದೆ," ಎಂದ ಇಂಜಿನಿಯರ್. "ನಿಮ್ಮೆದುರಿಗೇ ಹೇಳಿದ್ದೆ ಮೇಡಂ."

ಮೇಡಂ ಹಿಂದಕ್ಕೆ ಹೆಜ್ಜೆ ಇಟ್ಟರು. ಹಿಂದೆ ನಮ್ಮ ಜನ ನಿಂತಿದ್ದರು. ಯಾರೂ ದಾರಿ ಬಿಡಲಿಲ್ಲ. ನಾನು ಬಗ್ಗಿ ದಾರ ಕಿತ್ತೆ, ಸರಳಿನಿಂದ ಹಗ್ಗ ಬಿಚ್ಚಿದೆ. ಕೋಟಿನ ಭಾರ ಕೈಗೆ ಬಂತು. ಕೋಟು ಮತ್ತು ತಟ್ಟೆಯ ಭಾರ ಅಷ್ಟಿರುವುದಿಲ್ಲ. ಹಗ್ಗದ ತುದಿಯನ್ನು ತೆಗೆದುಕೊಂಡು ಹೋಗಿ ಮೇಡಂ ಕೈಗೆ ಕೊಟ್ಟೆ. ಅವರು ಎರಡು ಬೆರಳಲ್ಲಿ ಹಿಡಿದರು. ನಾನು ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಕಟ್ಟಿಸಿದೆ. ನನ್ನ ಅಂಗೈಯ ಗಾಯದ ಗೆರೆ ಅವರ ಕೈಗೆ ತಾಗಿತು.

"ಎಳೀಬೇಡಿ," ಎಂದೆ. "ಮೊದಲು ಬೈಯಬೇಕು. ಬೈದರೆ ತಟ್ಟುತ್ತಾನೆ. ಬೈಯಿರಿ ಮೇಡಂ. ನಮ್ಮನ್ನ ಬೈಯೋದು ನಿಮಗೇನು ಹೊಸದಲ್ಲವಲ್ಲ."

ಮೇಡಂ ಬಾಯಿ ತೆರೆದರು. ದನಿ ಬರಲಿಲ್ಲ. ಅವರ ಕೈಯಲ್ಲಿ ಹಗ್ಗ ಕೆಳಗಿನಿಂದ ಬಿಗಿಯಾಗುತ್ತಿತ್ತು.